ಹಿಡಿದು ಬಿಡುವ ಬ್ರೇಕ್

ನನ್ನ ಬೈಕಿನ ಹಿಂದಿನ ಬ್ರೇಕ್ ಹಿಡಿಯುತ್ತಿತ್ತು. ಹಿಡಿದು, ಇನ್ನೇನು ಗಾಡಿ ನಿಲ್ಲಬೇಕು ಎನ್ನುವಾಗ ಬಿಟ್ಟುಬಿಡುತ್ತಿತ್ತು. ಹಿಡಿಯದ ಬ್ರೇಕನ್ನು ಯಾರೂ ನಂಬುವುದಿಲ್ಲ, ಹಾಗಾಗಿ ಅದರಿಂದ ಅಪಾಯ ಕಡಿಮೆ. ನಂಬಿಸಿ ಕೈಕೊಡುವ ಬ್ರೇಕಿನ ಸಹವಾಸ ಬೇರೆಯೇ. ಅದರ ಜೊತೆ ಕಳೆದ ಮಳೆಗಾಲದಲ್ಲಿ ಒಂದೂವರೆ ತಿಂಗಳು ಏಗಿದ್ದೇನೆ.

ಮೊದಲು ಗೊತ್ತಾದದ್ದು ಆಗಸ್ಟ್ ಕೊನೆಯಲ್ಲಿ. ಅಕ್ಕನ ಮನೆ ಸಂಪಾಜೆಯಲ್ಲಿದೆ. ನಮ್ಮದು ಮೂರ್ನಾಡಿನ ಆಚೆ ಸ್ವಲ್ಪ ಕಾಫಿ, ಮೆಣಸು, ಒಂದು ತುಂಡು ಗದ್ದೆ. ಮಡಿಕೇರಿ ದಾಟಿ ಘಟ್ಟ ಇಳಿಯುತ್ತಿದ್ದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮದೆನಾಡು, ಜೋಡುಪಾಲದ ಬಳಿ ಆ ರಸ್ತೆಯೇ ಕೊಚ್ಚಿಹೋದ ಮೇಲೆ ಅಲ್ಲಿ ನಾನು ಅವಸರ ಮಾಡುವುದನ್ನು ಬಿಟ್ಟಿದ್ದೇನೆ. ಆ ದಿನವೂ ನಿಧಾನವಾಗಿಯೇ ಇದ್ದೆ. ಮಂಜು ದಟ್ಟವಾಗಿತ್ತು. ತಿರುವಿನಾಚೆ ತೋಟದ ಜೀಪೊಂದು ಆಳುಗಳನ್ನು ಇಳಿಸಲು ನಿಂತಿತ್ತು. ಎರಡನೇ ಗೇರಿಗೆ ಇಳಿಸಿ ಎರಡೂ ಬ್ರೇಕ್ ಹಾಕಿದೆ. ಗಾಡಿ ಚೆನ್ನಾಗಿ ತಗ್ಗಿತು. ನಿಲ್ಲಲು ಇನ್ನು ಮೂರು ನಾಲ್ಕು ಮಾರು ಇದೆ ಎನ್ನುವಾಗ ಬಲಗಾಲಿನ ಕೆಳಗೆ ಪೆಡಲ್ ಮಿಸುಕಿತು. ಕತ್ತಲಲ್ಲಿ ಕಪ್ಪೆಯನ್ನು ಮೆಟ್ಟಿದರೆ ಹೇಗೆ ಅಂಗಾಲಿಗೆ ಒತ್ತಿ ಬರುತ್ತದೆಯೋ, ಹಾಗೆ. ಕಟಕ್ ಎಂದಿತು, ಒಂದು ಕ್ಷಣ ಬಿಟ್ಟು ಮತ್ತೆ ಕಟಕ್ ಎಂದಿತು. ಅಷ್ಟರಲ್ಲಿ ಹಿಂದಿನ ಚಕ್ರ ಸ್ವತಂತ್ರವಾಗಿ ಉರುಳತೊಡಗಿತ್ತು. ಮುಂದಿನ ಬ್ರೇಕ್ ಬಿಗಿ ಹಿಡಿದು ನಿಂತಾಗ ಜೀಪಿನ ಹಿಂಬಾಗಿಲಿಗೂ ನನ್ನ ಮುಂದಿನ ಚಕ್ರಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಜೀಪಿನಲ್ಲಿ ಕುಳಿತಿದ್ದ ಹೆಂಗಸೊಬ್ಬಳು, "ಅಣ್ಣಾ, ಹತ್ತುವುದಾದರೆ ಜಾಗ ಇದೆ" ಎಂದಳು. ಉಳಿದವರೆಲ್ಲ ನಕ್ಕರು.

ಹಿಂದಿನ ಬ್ರೇಕಿಗೆ ಇಷ್ಟು ಮಹತ್ವ ಏಕೆ ಎಂದು ಬಯಲುಸೀಮೆಯ ಗೆಳೆಯರು ಕೇಳುತ್ತಾರೆ. ಒಣ ಡಾಂಬರು ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು ಬಹುಪಾಲು ಮುಂದಿನ ಚಕ್ರವೇ, ಒಪ್ಪುತ್ತೇನೆ. ಜೂನ್ ಬಂದರೆ ನಮ್ಮಲ್ಲಿ ಒಣ ರಸ್ತೆ ಎಲ್ಲಿದೆ? ಸಿಲ್ವರ್ ಓಕ್ ಮರದ ಕೊಳೆತ ಎಲೆ, ಟ್ರ್ಯಾಕ್ಟರ್ ಗಾಲಿ ತಂದು ಹಾಕಿದ ಕೆಸರು, ಒಳರಸ್ತೆಯ ಕಾಂಕ್ರೀಟಿನ ಮೇಲೆ ಹಸಿರು ಪಾಚಿ. ಇಂಥ ಕಡೆ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನೇ ನಂಬಿದವನು ಹಲ್ಲು ಕಟ್ಟಿಸಲು ಮೈಸೂರಿಗೆ ಹೋಗಬೇಕಾಗುತ್ತದೆ. ಇಲ್ಲಿ ಮೊದಲು ಕಾಲು, ಆಮೇಲೆ ಕೈ.

ಮನೆಗೆ ಬಂದವನು ಎಲ್ಲರೂ ಮಾಡುವುದನ್ನೇ ಮಾಡಿದೆ. ಹಿಂದಿನ ಪ್ಯಾಡ್‌ಗಳನ್ನು ಬಿಚ್ಚಿದೆ. ಸವೆದಿದ್ದವು, ಆದರೆ ಇನ್ನೂ ಎರಡು ತಿಂಗಳು ಬರುತ್ತಿದ್ದವು. ಹೊಸದು ಹಾಕಿದೆ. ಬ್ರೇಕ್ ಎಣ್ಣೆ ಟೀ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವವನ್ನು ಹೀರುವ ದ್ರವ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಾನು ಮೂರು ವರ್ಷ ದಾಟಿಸಿದ್ದೆ. ಹೊಸ ಡಾಟ್ 4 ಎಣ್ಣೆ ತುಂಬಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಮೊಲೆಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಮರುದಿನ ಮೂರ್ನಾಡು ಪೇಟೆಗೆ ಇಳಿಯುವಾಗ ಕಪ್ಪೆ ಮತ್ತೆ ಮಿಸುಕಿತು. ಈಗ ಪೆಡಲ್ ಗಟ್ಟಿಯಾಗಿದ್ದರಿಂದ ಮೊದಲಿಗಿಂತ ಜೋರಾಗಿಯೇ ಮಿಸುಕಿತು.

ಮೂರ್ನಾಡಿನಲ್ಲಿ ನಾವೆಲ್ಲ ಕಾಕ ಎಂದು ಕರೆಯುವ ಹಳೆಯ ಮೆಕ್ಯಾನಿಕ್ ಇದ್ದಾರೆ. ನಲವತ್ತು ವರ್ಷದಿಂದ ಜೀಪುಗಳ ಹೊಟ್ಟೆಯ ಕೆಳಗೆ ಮಲಗಿ ಬದುಕಿದವರು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಎಂದರೆ ಅವರಿಗೆ ಅಷ್ಟಕ್ಕಷ್ಟೆ. "ನಿಲ್ಲಿಸು ಎಂದರೆ ನಿಲ್ಲಿಸಬೇಕು. ನಿಲ್ಲಿಸಲೋ ಬೇಡವೋ ಎಂದು ಯೋಚನೆ ಮಾಡುವ ಬ್ರೇಕು ಯಾಕೆ ಸಾರ್?" ಎಂದು ಕೇಳಿದರು. ಹಾಗೆ ಹೇಳಿದರೂ ಗಾಡಿ ಹತ್ತಿ ಗದ್ದೆಯ ಬದಿಯ ನೇರ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದರು. (ಕೊಡಗಿನಲ್ಲಿ ನೂರು ಮೀಟರ್ ನೇರ ರಸ್ತೆ ಹುಡುಕುವುದೇ ಅರ್ಧ ರಿಪೇರಿ.)

"ಡಿಸ್ಕ್ ಸೊಟ್ಟ ಆಗಿದ್ದರೆ ಐವತ್ತರಲ್ಲಿ ಹಿಡಿದರೂ ನಡುಗಬೇಕು, ಹತ್ತರಲ್ಲಿ ಹಿಡಿದರೂ ನಡುಗಬೇಕು. ಇದು ಐವತ್ತರಲ್ಲಿ ಬಹಳ ಮರ್ಯಾದಸ್ಥ. ಹತ್ತು ಹದಿನೈದಕ್ಕೆ ಇಳಿದಾಗ ಮಾತ್ರ ಕುಣಿಯುತ್ತದೆ" ಎಂದರು ಕಾಕ. ಆಮೇಲೆ ಸೀಟು ತೆಗೆಸಿ, ಫ್ಯೂಸ್ ಡಬ್ಬಿಯ ಮುಚ್ಚಳದ ಚಿತ್ರ ನೋಡಿ, ಎಬಿಎಸ್‌ನ ಎರಡೂ ಫ್ಯೂಸ್ ಕಿತ್ತು ನನ್ನ ಅಂಗಿಯ ಜೇಬಿಗೆ ಹಾಕಿದರು. "ಈಗ ಹೋಗಿ ಬನ್ನಿ. ಜೋರಾಗಿ ಒತ್ತಬೇಡಿ, ಚಕ್ರ ಕಚ್ಚಿಕೊಳ್ಳುತ್ತದೆ."

ಹೋಗಿ ಬಂದೆ. ಮೀಟರಿನಲ್ಲಿ ಹಳದಿ ದೀಪ ಉರಿಯುತ್ತಿತ್ತು, ಬ್ರೇಕ್ ಮಾತ್ರ ಬೆಣ್ಣೆಯಂತೆ ಹಿಡಿಯಿತು. ಹತ್ತಕ್ಕೆ, ಐದಕ್ಕೆ ಇಳಿದರೂ ಕಪ್ಪೆಯ ಸುಳಿವಿಲ್ಲ. ಪ್ಯಾಡು, ಎಣ್ಣೆ, ಡಿಸ್ಕು ಮೂರೂ ಐದು ನಿಮಿಷದಲ್ಲಿ ಖುಲಾಸೆಯಾದವು. ಪ್ಯಾಡಿಗೂ ಎಣ್ಣೆಗೂ ಸುರಿದ ದುಡ್ಡಿನ ಮಾತು ಬೇಡ. ಫ್ಯೂಸ್ ಕಿತ್ತು ನೋಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ ಎಂಬುದು ನನಗೆ ಮೊದಲೇ ಹೊಳೆಯಬಹುದಿತ್ತು.

ಇಲ್ಲಿ ಎಬಿಎಸ್ ಏನು ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ 125 ಸಿಸಿ ಮೇಲಿನ ಹೊಸ ಮಾದರಿಯ ಬೈಕುಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಒಂದು ಚಾನೆಲ್‌ನದಾದರೆ ಮುಂದಿನ ಚಕ್ರಕ್ಕೆ ಮಾತ್ರ, ಎರಡು ಚಾನೆಲ್‌ನದಾದರೆ ಎರಡಕ್ಕೂ. ನನ್ನದು ಎರಡರದ್ದು. ಚಕ್ರದ ನಡುವಿನ ಗುಂಭದ ಬಳಿ ತಗಡಿನ ಬಳೆಯಂಥ ಒಂದು ರಿಂಗ್ ಇರುತ್ತದೆ. ಅದರ ಸುತ್ತ ಸಮ ಅಂತರದಲ್ಲಿ ಕಿಂಡಿಗಳು. ಅದಕ್ಕೆ ತಾಗದಂತೆ, ಕೂದಲೆಳೆಯಷ್ಟೇ ದೂರದಲ್ಲಿ ಒಂದು ಸೆನ್ಸರ್ ಕುಳಿತಿರುತ್ತದೆ. ಕಿಂಡಿ, ಕಬ್ಬಿಣ, ಕಿಂಡಿ, ಕಬ್ಬಿಣ ಎಂದು ಕಣ್ಣೆದುರು ಹಾದುಹೋಗುವುದನ್ನು ಅದು ಕಾಂತದ ಬಲದಿಂದ ಎಣಿಸುತ್ತದೆ. ಎಣಿಕೆ ಹಠಾತ್ತನೆ ನಿಂತರೆ ಚಕ್ರ ಕಚ್ಚಿಕೊಂಡು ಜಾರುತ್ತಿದೆ ಎಂದು ಲೆಕ್ಕ.

ಮುಂದಿನದನ್ನು ಗದ್ದೆ ಮಾಡುವವರು ಬೇಗ ಹಿಡಿಯುತ್ತಾರೆ. ಮೊಡ್ಯುಲೇಟರ್ ಎಂಬ ಪೆಟ್ಟಿಗೆಯಲ್ಲಿ ಪ್ರತಿ ಚಕ್ರಕ್ಕೂ ಎರಡು ತೂಬುಗಳಿವೆ. ಪೆಡಲ್‌ನಿಂದ ಬರುವ ಎಣ್ಣೆಯ ಒತ್ತಡವನ್ನು ಮೇಲಿನ ತೂಬು ತಡೆಯುತ್ತದೆ. ಕ್ಯಾಲಿಪರಿಗೆ ಆಗಲೇ ಹೋಗಿರುವ ಒತ್ತಡವನ್ನು ಕೆಳಗಿನ ತೂಬು ಹೊರಗೆ ಬಿಡುತ್ತದೆ. ಚಕ್ರ ಜಾರಿತು ಎಂದು ಅನಿಸಿದರೆ ಮೇಲಿನದು ಮುಚ್ಚಿ ಕೆಳಗಿನದು ತೆರೆಯುತ್ತದೆ, ಬ್ರೇಕ್ ಸಡಿಲವಾಗಿ ಚಕ್ರ ತಿರುಗುತ್ತದೆ. ಹೊರಗೆ ಹರಿದ ಎಣ್ಣೆಯನ್ನು ಪುಟ್ಟ ಪಂಪು ಮರಳಿ ಮೇಲಕ್ಕೆ ತಳ್ಳುತ್ತದೆ. ಇದೆಲ್ಲ ಒಂದು ಸೆಕೆಂಡಿನಲ್ಲಿ ಹಲವು ಬಾರಿ ನಡೆಯುತ್ತದೆ. ಅಂಗಾಲಿಗೆ ಬಡಿಯುತ್ತಿದ್ದ ಕಪ್ಪೆ ಇದೇ ಒತ್ತಡ.

ಹಾಗಾದರೆ ನನ್ನ ಗಾಡಿಯ ಚಕ್ರ ಜಾರುತ್ತಿರಲಿಲ್ಲ, ಜಾರುತ್ತಿದೆ ಎಂದು ಪೆಟ್ಟಿಗೆಗೆ ಯಾರೋ ಸುಳ್ಳು ಹೇಳುತ್ತಿದ್ದರು.

ಇಷ್ಟು ಗೊತ್ತಾದ ಮೇಲೂ ನಾನು ಎರಡು ವಾರ ಸುಮ್ಮನಿದ್ದೆ. ಅದಕ್ಕೆ ಕಾರಣ ಆ ಹಳದಿ ದೀಪ. ಫ್ಯೂಸುಗಳನ್ನು ಮರಳಿ ಹಾಕಿದ ಮೂರನೇ ದಿನ ದೀಪ ತಾನಾಗಿಯೇ ಹತ್ತಿಕೊಂಡಿತು. ಕೀಲಿ ತಿರುಗಿಸಿದಾಗ ಹತ್ತಿ, ಗಾಡಿ ನಾಲ್ಕು ಮಾರು ಉರುಳಿದಾಗ ಆರಬೇಕಾದದ್ದು ಆರಲಿಲ್ಲ. ದೀಪ ಹತ್ತಿದರೆ ಎಬಿಎಸ್ ರಜೆ ಹಾಕಿದೆ, ಮಾಮೂಲಿ ಬ್ರೇಕ್ ಮಾತ್ರ ಕೆಲಸ ಮಾಡುತ್ತದೆ ಎಂದರ್ಥ. ಮಾಮೂಲಿ ಬ್ರೇಕ್ ಸೊಗಸಾಗಿಯೇ ಇತ್ತಲ್ಲ! ರೋಗ ತಾನೇ ಮದ್ದು ಮಾಡಿಕೊಂಡಿದೆ ಎಂದು ನೆಮ್ಮದಿಯಿಂದ ಓಡಾಡಿಕೊಂಡಿದ್ದೆ. ಬೀಳುವವರೆಗೆ.

ಬಿದ್ದದ್ದು ನಮ್ಮದೇ ತೋಟದ ಗೇಟಿನೊಳಗೆ, ಪಾಚಿ ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ. ಅಡ್ಡ ಬಂದ ನಾಯಿಯನ್ನು ಉಳಿಸಲು ಪೆಡಲ್ ಒತ್ತಿದೆ. ಹಿಂದಿನ ಚಕ್ರ ಕಚ್ಚಿಕೊಂಡು, ಗಾಡಿ ಬಾಲ ಬೀಸಿ ಅಡ್ಡಡ್ಡ ಮಲಗಿತು. ನಾಯಿಗೆ ಏನೂ ಆಗಲಿಲ್ಲ. ನನಗೆ ಮೊಣಕಾಲು ಕೆತ್ತಿತು. ಗಾಡಿ ಎತ್ತುವಷ್ಟರಲ್ಲಿ ಎರಡು ಜಿಗಣೆಗಳು ಗಾಯದ ವಿಚಾರ ತಿಳಿದು ಬಂದಿದ್ದವು. ಇಂಥ ಜಾಗಕ್ಕೇ ಎಬಿಎಸ್ ಮಾಡಿದ್ದು ಎಂದು ಹೆಂಡತಿ ಗಾಯ ತೊಳೆಯುತ್ತ ನೆನಪಿಸಿದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ನೆನಪಿಸುವುದು ಅವಳ ಉದ್ಯೋಗ.

ಸರ್ವೀಸ್ ಸೆಂಟರಿಗೆ ಒಯ್ದೆ. ಅಲ್ಲಿನ ಹುಡುಗ ಬಹಳ ಸಭ್ಯ. ಸೀಟಿನ ಕೆಳಗಿನ ಸಾಕೆಟ್ಟಿಗೆ ಯಂತ್ರ ಸಿಕ್ಕಿಸಿ, ಹಿಂದಿನ ಚಕ್ರದ ಸೆನ್ಸರ್ ಸಂಕೇತದಲ್ಲಿ ದೋಷ ಎಂದು ಪರದೆಯಲ್ಲಿ ಬಂದದ್ದನ್ನು ತೋರಿಸಿದ. ಸೆನ್ಸರ್ ಬದಲಿಸಿದರು. ದೋಷದ ದಾಖಲೆ ಅಳಿಸಿದರು. ದೀಪ ಆರಿತು. ಬಿಲ್ಲು ಕಟ್ಟಿ ಹೊರಟೆ. ಊರು ತಲುಪುವ ಮೊದಲೇ ಕಪ್ಪೆ ಎದ್ದಿತು, ಮೂರನೇ ದಿನ ದೀಪವೂ ಹತ್ತಿತು. ಮತ್ತೆ ಹೋದೆ. ಮತ್ತೆ ಅದೇ ದೋಷ. ಈ ಬಾರಿ ಒಳಗಿನಿಂದ ಹಿರಿಯರೊಬ್ಬರು ಬಂದು, ಸೆನ್ಸರ್ ಹೊಸದು, ಹಾಗಾಗಿ ಕೆಟ್ಟದ್ದು ಮೊಡ್ಯುಲೇಟರೇ ಇರಬೇಕು, ಇಪ್ಪತ್ತು ಸಾವಿರ ದಾಟುತ್ತದೆ, ಮುಂಗಡ ಕೊಟ್ಟರೆ ತರಿಸುತ್ತೇವೆ ಎಂದರು.

ಯಂತ್ರ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅದು ಹೇಳಿದ್ದು "ಸೆನ್ಸರಿನಿಂದ ಬರುವ ಸಂಕೇತ ಸರಿಯಿಲ್ಲ" ಎಂದು. "ಸೆನ್ಸರ್ ಕೆಟ್ಟಿದೆ" ಎಂದು ಓದಿಕೊಂಡವರು ನಾವು. ಪತ್ರ ಬರಲಿಲ್ಲ ಎಂದರೆ ಅಂಚೆಯವನೇ ಕಳ್ಳನಾಗಬೇಕೆಂದಿಲ್ಲ, ಬರೆಯಬೇಕಾದವನೇ ಬರೆಯದಿರಬಹುದು. ಆದರೆ ಆ ದಿನ ನನಗೆ ಈ ಬುದ್ಧಿ ಇರಲಿಲ್ಲ. ಇಪ್ಪತ್ತು ಸಾವಿರ ಎಂದರೆ ಎಷ್ಟು ಕಿಲೋ ಮೆಣಸು ಎಂದು ಮನಸ್ಸಿನಲ್ಲೇ ಭಾಗಿಸಿ, ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ನನ್ನನ್ನು ಉಳಿಸಿದ್ದು ಜಿಪುಣತನ.

ಆಮೇಲಿನ ಒಂದು ವಾರ ಸಂಜೆಯೆಲ್ಲ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ. ಕಳೆ ಕೊಚ್ಚುವ ಯಂತ್ರ, ನೀರಿನ ಪಂಪು, ಕಾಫಿ ಪಲ್ಪರ್ ಎಲ್ಲವನ್ನೂ ಬಿಚ್ಚಿ ಜೋಡಿಸಿದವನಿಗೆ ಇದೇನು ಮಹಾ ಎಂಬ ಹಮ್ಮು ಇತ್ತು. ಮೊದಲ ಸಂಜೆಯೇ ಅದು ಇಳಿಯಿತು. ದೀಪ ಆರುತ್ತದೆಯೇ ನೋಡೋಣ ಎಂದು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿದೆ. ಹಿಂದಿನ ಚಕ್ರ ಗಿರಗಿರನೆ ತಿರುಗಿತು. ದೀಪ ಮೊದಲು ಆರಿತು, ಮರುಕ್ಷಣ ಮತ್ತೆ ಹತ್ತಿತು. ಕೀಲಿ ತೆಗೆದು ಹಾಕಿದರೆ ಮತ್ತೆ ಅದೇ ಆಟ. ಈಗಂತೂ ಪೆಟ್ಟಿಗೆಯೇ ಹೋಗಿದೆ ಎಂದು ಕೈಚೆಲ್ಲಿ ಕುಳಿತೆ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು, "ಹಿಂದಿನ ಚಕ್ರ ಮೂವತ್ತರಲ್ಲಿ ಓಡುತ್ತಿದೆ, ಮುಂದಿನದು ನಿಂತಿದೆ. ಎರಡನ್ನೂ ಹೋಲಿಸಿ ನೋಡುವ ಪೆಟ್ಟಿಗೆ ಏನೆಂದುಕೊಳ್ಳಬೇಕು?" ನಿಜ. ಸರಿಯಾಗಿರುವ ಗಾಡಿಯೂ ಸ್ಟ್ಯಾಂಡಿನ ಮೇಲೆ ಹಾಗೆ ಓಡಿಸಿದರೆ ದೀಪ ಹತ್ತಿಸುತ್ತದೆ. ಅದು ದೋಷವಲ್ಲ, ದೀಪದ ವಿವೇಕ.

ಮರುದಿನ ವೈರಿನ ಕೆಲಸ. ಸೆನ್ಸರಿನ ವೈರು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಗುಂಟ ಬಂದು ಸೀಟಿನ ಕೆಳಗೆ ಒಂದು ಪ್ಲಗ್ಗಿನಲ್ಲಿ ಸೇರುತ್ತದೆ. ಪ್ಲಗ್ಗು ಬಿಚ್ಚಿದರೆ ಪಿನ್ನುಗಳಿಗೆ ಹಸಿರು ಕಿಲುಬು. ಸಿಕ್ಕಿತು ಕಳ್ಳ ಎಂದು ಕುಣಿದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಜೋಡಿಸಿದೆ. ಕುಣಿತ ವ್ಯರ್ಥ. ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು ಪ್ಲಗ್ಗಿನಿಂದ ಪೆಟ್ಟಿಗೆಯವರೆಗಿನ ಎರಡೂ ಎಳೆ ನೋಡಿದೆ. ಸದ್ದು ಬಂತು. ಮಗಳನ್ನು ಸೀಟಿನ ಮೇಲೆ ಕೂರಿಸಿ ಮೇಲೆ ಕೆಳಗೆ ಕುಪ್ಪಳಿಸಲು ಹೇಳಿ, ವೈರು ಬಾಗುವಾಗ ಒಳಗೆ ಎಲ್ಲಾದರೂ ತುಂಡಾಗುತ್ತಿದೆಯೇ ಎಂದು ಕಿವಿಗೊಟ್ಟೆ. ಬೀಪ್ ಒಂದೇ ಸಮನೆ ಕೂಗುತ್ತಿತ್ತು, ತುಂಡಾಗಲಿಲ್ಲ. ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಿತು. ಚಕ್ರದ ಬೇರಿಂಗ್ ಹಿಡಿದು ಅಲುಗಿಸಿದೆ, ಜಗ್ಗಲಿಲ್ಲ. ಸೆನ್ಸರಿನ ಮೂತಿಯಲ್ಲಿ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿತ್ತು, ಒರೆಸಿದೆ. ಪಟ್ಟಿಯಲ್ಲಿದ್ದದ್ದೆಲ್ಲ ಮುಗಿಯಿತು. ಉಳಿದದ್ದು ಇಪ್ಪತ್ತು ಸಾವಿರದ ಪೆಟ್ಟಿಗೆ ಮಾತ್ರ ಎಂದುಕೊಂಡೆ.

ಆ ರಾತ್ರಿ ಕರೆಂಟು ಹೋಯಿತು. ಮಳೆಗಾಲದಲ್ಲಿ ಕರೆಂಟು ಹೋಯಿತು ಎಂದು ನಾವು ಹೇಳುವುದಿಲ್ಲ, ಬಂದರೆ ಹೇಳುತ್ತೇವೆ. ಆದರೆ ಆ ರಾತ್ರಿ ಅದು ಹೋದದ್ದೇ ಒಳ್ಳೆಯದಾಯಿತು. ಬಿಚ್ಚಿಟ್ಟ ಸಾಮಾನು ಹುಡುಕಲು ಮಗಳು ಟಾರ್ಚ್ ತಂದಳು. ನಾನು ಸ್ಟೂಲಿನ ಮೇಲೆ ಕುಳಿತು ಹಿಂದಿನ ಚಕ್ರವನ್ನು ಕೆಲಸವಿಲ್ಲದೆ ಕೈಯಿಂದ ತಿರುಗಿಸುತ್ತಿದ್ದೆ. ಅವಳು ಆ ಕಡೆಯಿಂದ ಟಾರ್ಚ್ ಹಿಡಿದಿದ್ದಳು. ಸೆನ್ಸರಿಗೂ ರಿಂಗಿಗೂ ನಡುವಿನ ಸಂದಿಯಲ್ಲಿ ಬೆಳಕಿನ ಒಂದು ಗೆರೆ ನನ್ನ ಕಣ್ಣಿಗೆ ಬೀಳುತ್ತಿತ್ತು. ಹಗಲಿನಲ್ಲಿ ಅದು ಕಾಣುವುದೇ ಇಲ್ಲ, ಎಲ್ಲ ಕಪ್ಪು, ಎಲ್ಲ ಕೆಸರು. ಕತ್ತಲಲ್ಲಿ ಆ ಗೆರೆಯೊಂದೇ ಇತ್ತು.

ಗೆರೆ ತೆಳ್ಳಗಿತ್ತು, ಕಾಗದದ ಅಂಚಿನಷ್ಟು. ಚಕ್ರ ತಿರುಗಿದಂತೆ ಸ್ವಲ್ಪ ದಪ್ಪವಾಯಿತು. ಇನ್ನೂ ಸ್ವಲ್ಪ ತಿರುಗಿಸಿದೆ, ಅಕ್ಕಿಕಾಳಿನಷ್ಟು ದಪ್ಪವಾಯಿತು. ಮತ್ತೆ ಸಣ್ಣಗಾಯಿತು. ಒಂದು ಸುತ್ತು ಪೂರ್ತಿ ಬಂತು, ಮತ್ತೆ ಅದೇ ಜಾಗದಲ್ಲಿ ಅಕ್ಕಿಕಾಳು. ಉಸಿರು ಬಿಗಿ ಹಿಡಿದು ಇನ್ನೊಂದು ಸುತ್ತು ತಿರುಗಿಸಿದೆ.

"ಅಪ್ಪಾ, ರಿಂಗ್ ಓಲಾಡುತ್ತಿದೆ" ಎಂದಳು ಮಗಳು.

ಅವಳೇ ಒಂದು ಪ್ಲಾಸ್ಟಿಕ್ ಟೈ ತಂದು ಸ್ವಿಂಗ್ ಆರ್ಮಿಗೆ ಬಿಗಿದು, ಅದರ ಬಾಲವನ್ನು ರಿಂಗಿಗೆ ತಾಗುವಷ್ಟಕ್ಕೆ ಕತ್ತರಿಸಿದಳು. ತಿರುಗಿಸಿದಾಗ ಮುಕ್ಕಾಲು ಸುತ್ತು ಟೈ ಟಿರ್ ಟಿರ್ ಎಂದು ಕಿಂಡಿಗಳಿಗೆ ಬಡಿಯಿತು, ಕಾಲು ಸುತ್ತು ಮೌನ. ಆ ಮೌನದ ನಡುವಿನ ಮೂರು ಕಿಂಡಿಗಳ ಬಳಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಬೆಳಿಗ್ಗೆ ಕಾಕನ ಹತ್ತಿರ ಹೋಗಿ ಸಂದಿ ಅಳೆಯುವ ತೆಳು ಅಲಗುಗಳ ಫೀಲರ್ ಗೇಜ್ ತೂರಿಸಿ ಅಳೆದೆವು. ಸಾಮಾನ್ಯವಾಗಿ ಈ ಸಂದಿ ಅರ್ಧದಿಂದ ಒಂದೂವರೆ ಮಿಲಿಮೀಟರಿನ ಒಳಗಿರಬೇಕು. ನನ್ನದರಲ್ಲಿ ಒಂದು ಕಡೆ 0.7 ಇತ್ತು, ಸೀಮೆಸುಣ್ಣದ ಗುರುತಿನ ಬಳಿ ಎರಡು ಅಲಗು ಜೋಡಿಸಿ ತೂರಿಸಿದರೂ ಸಡಿಲ. 1.9 ಬಂತು.

ಹತ್ತು ಹದಿನೈದರ ವೇಗದಲ್ಲೇ ಏಕೆ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಸಿಕ್ಕಿತು. ಮಗಳು ಎಣಿಸಿದಳು, ರಿಂಗಿನಲ್ಲಿ 48 ಕಿಂಡಿ. ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಹೋಗುತ್ತದೆ. ಅಂದರೆ ಒಂದು ಕಿಂಡಿಗೆ ಸುಮಾರು ನಾಲ್ಕು ಸೆಂಟಿಮೀಟರ್. ಮೂರು ಕಿಂಡಿ ಸೆನ್ಸರಿನ ಕಣ್ಣಿಗೆ ಬೀಳದಿದ್ದರೆ ಹನ್ನೆರಡು ಸೆಂಟಿಮೀಟರಿನಷ್ಟು ಎಣಿಕೆ ಕಾಣೆ. ಅರವತ್ತರ ವೇಗದಲ್ಲಿ ಅದು ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ, ಪೆಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳಲಿಕ್ಕಿಲ್ಲ. ಹನ್ನೆರಡರ ವೇಗದಲ್ಲಿ ಅದರ ಐದು ಪಟ್ಟು ಹೊತ್ತು. ಅಷ್ಟು ಹೊತ್ತು ಸಂಕೇತವೇ ಇಲ್ಲದಿದ್ದರೆ, ಅದೂ ಬ್ರೇಕ್ ಒತ್ತಿರುವಾಗ, ಚಕ್ರ ನಿಂತೇ ಹೋಯಿತು ಎಂದು ಪೆಟ್ಟಿಗೆ ಗಾಬರಿಯಾಗುತ್ತದೆ, ತೂಬು ಬಿಡುತ್ತದೆ. ಸುತ್ತಿಗೊಂದು ಕಟಕ್. ಘಟ್ಟದಲ್ಲಿ ಜೀಪಿನ ಹಿಂದೆ ಎರಡು ಬಾರಿ ಮಿಸುಕಿತು ಎಂದೆನಲ್ಲ, ಅಷ್ಟರಲ್ಲಿ ಚಕ್ರ ಉರುಳಿದ್ದೇ ಎರಡು ಸುತ್ತು. ನಡಿಗೆಯ ವೇಗಕ್ಕಿಂತ ಕೆಳಗೆ ಇಳಿದರೆ ಎಬಿಎಸ್ ತಾನೇ ಸುಮ್ಮನಾಗುವುದರಿಂದ ಕೊನೆಯ ಒಂದು ಮಾರಿನಲ್ಲಿ ಕಪ್ಪೆ ಇರುತ್ತಿರಲಿಲ್ಲ.

ಚಕ್ರ ಬಿಚ್ಚಿ ರಿಂಗನ್ನು ಹೊರಗೆ ತೆಗೆದಾಗ ಆ ಮೂರು ಕಿಂಡಿಗಳ ಬಳಿ ಒಂದು ಸಣ್ಣ ತಗ್ಗು, ಅದರ ಮೇಲೆ ಕಲ್ಲು ಗೀಚಿದ ಬಿಳಿ ಗುರುತು ಕಾಣಿಸಿತು. ಕಾಕ ಅದನ್ನು ಹೆಬ್ಬೆರಳಿನಿಂದ ಸವರಿ ಕೇಳಿದರು, "ಈ ಚಕ್ರ ಕೊನೆಯ ಸಲ ಬಿಚ್ಚಿದ್ದು ಯಾವಾಗ?"

ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ಆಗಸ್ಟ್ 3. ಮರೆಯುವ ದಿನವಲ್ಲ. ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿ, ಅಕ್ಕನಿಗೆ ಕೊಟ್ಟು ಬಾ ಎಂದು ಸ್ಟೀಲ್ ಪಾತ್ರೆಯಲ್ಲಿ ಹಾಕಿ ಕಳಿಸಿದ್ದಳು. ಘಟ್ಟದ ದಾರಿಯಲ್ಲಿ ಹಿಂದಿನ ಟೈರು ಪಂಕ್ಚರ್. ನನ್ನದು ಕಡ್ಡಿಯ ಚಕ್ರ, ಟ್ಯೂಬಿನ ಟೈರು, ಚಕ್ರ ಬಿಚ್ಚದೆ ಆಗುವುದಿಲ್ಲ. ರಸ್ತೆ ಬದಿಯ ಅಂಗಡಿಯ ಹುಡುಗ ಚಕ್ರವನ್ನು ಜಲ್ಲಿ ಹಾಸಿದ ನೆಲದ ಮೇಲೆ ಮಲಗಿಸಿದ. ಟೈರಿನ ಅಂಚು ರಿಮ್ಮಿಗೆ ಅಂಟಿ ಬಿಡುತ್ತಿರಲಿಲ್ಲ. ಮಳೆ ಸುರಿಯುತ್ತಿತ್ತು, ಪಾಯಸ ತಣ್ಣಗಾಗುತ್ತಿತ್ತು. ಹುಡುಗ, "ತಡೆಯಿರಿ ಸಾರ್, ಕೆಳಗೆ ಗೋಣಿ ಹಾಕುತ್ತೇನೆ" ಎಂದ. ಗೋಣಿಗೆ ಕಾಯುವ ವ್ಯವಧಾನ ನನಗಿರಲಿಲ್ಲ. ಡಿಸ್ಕಿನ ಕಡೆ ಕೆಳಗಿತ್ತೋ ಮೇಲಿತ್ತೋ ನೋಡದೆ, ಎಂಬತ್ತೆರಡು ಕಿಲೋ ತೂಕದ ನಾನೇ ಎರಡೂ ಕಾಲಿನಿಂದ ಹತ್ತಿ ನಿಂತು ಮೆಟ್ಟಿದೆ. ಅಂಚು ಟಪ್ ಎಂದು ಬಿಟ್ಟಿತ್ತು. ಡಿಸ್ಕ್ ದಪ್ಪ, ತಡೆದುಕೊಂಡಿದೆ. ಅದರ ಒಳಸುತ್ತಿನಲ್ಲಿದ್ದ ತಗಡಿನ ರಿಂಗಿಗೆ ಯಾವುದೋ ಜಲ್ಲಿಯ ಮೂತಿ ತಗುಲಿದೆ.

ಇದನ್ನು ಕಾಕನಿಗೆ ಹೇಳುವಾಗ "ಪಂಕ್ಚರ್ ಅಂಗಡಿಯಲ್ಲಿ ಆಗಿರಬೇಕು" ಎಂದಷ್ಟೇ ಹೇಳಿದೆ. ಅವರು ನನ್ನ ಕಾಲನ್ನು ಒಮ್ಮೆ ನೋಡಿದಂತೆ ಅನಿಸಿತು.

ಪಂಕ್ಚರ್ ಅಂಗಡಿಯಿಂದ ಘಟ್ಟ ಇಳಿಯುವಾಗಲೂ ಕಪ್ಪೆ ಇದ್ದಿರಲೇಬೇಕು. ಆದರೆ ಅಂದು ಇಡೀ ದಾರಿ ಗುಂಡಿ, ಕೈಕಾಲು ನಡುಗದೆ ಇದ್ದದ್ದೇ ಇಲ್ಲ. ಆಮೇಲೆ ಮೂರು ವಾರ ಮಳೆ ಬಿಡದೆ ಸುರಿದು ಗಾಡಿ ಶೆಡ್ಡಿನಲ್ಲೇ ಇತ್ತು. ಹೀಗಾಗಿ ಪಂಕ್ಚರಿಗೂ ಬ್ರೇಕಿಗೂ ಗಂಟು ಹಾಕಲು ನನಗೆ ತೋಚಲಿಲ್ಲ. ಸರ್ವೀಸ್ ಸೆಂಟರಿನವರು ಈಚೆಗೆ ಏನಾದರೂ ಕೆಲಸ ಮಾಡಿಸಿದ್ದೀರಾ ಎಂದು ಕೇಳಿದಾಗಲೂ ಏನಿಲ್ಲ ಎಂದಿದ್ದೆ. ಪಂಕ್ಚರನ್ನು ಯಾರು ರಿಪೇರಿಯ ಲೆಕ್ಕಕ್ಕೆ ಸೇರಿಸುತ್ತಾರೆ?

ಒಂದು ಸುತ್ತಿಗೆ ಪೆಟ್ಟು ಹಾಕಿ ನೆಟ್ಟಗೆ ಮಾಡಿಕೊಡಿ ಎಂದು ಕೇಳಿಕೊಂಡೆ. ಜೀಪಿನ ಚಾಸಿಯನ್ನೇ ಬಡಿದು ನೇರ ಮಾಡುವ ಕಾಕ ಇದಕ್ಕೆ ಒಪ್ಪಲಿಲ್ಲ. ತಗಡು ಬಡಿದರೆ ಹಿಗ್ಗುತ್ತದೆ, ಕಿಂಡಿಯ ಅಳತೆ ಕೆಡುತ್ತದೆ, ಆಗ ನಿಮ್ಮ ಪೆಟ್ಟಿಗೆ ಇನ್ನೇನು ಯೋಚನೆ ಮಾಡುತ್ತದೋ ಯಾರಿಗೆ ಗೊತ್ತು ಎಂದರು. ಹೊಸ ರಿಂಗ್ ಏಳುನೂರು ಚಿಲ್ಲರೆ ರೂಪಾಯಿ. ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಎಲ್ಲಿಗೂ ಬಸ್ಸಿನಲ್ಲೇ ಹೋದೆ.

ರಿಂಗ್ ಬಂದದ್ದು ಆಯುಧಪೂಜೆಯ ಎರಡು ದಿನ ಮೊದಲು. ಕಾಕ ಕೂರುವ ಜಾಗವನ್ನು ಉಜ್ಜಿ, ಒಂದು ಕಾಳು ಮಣ್ಣೂ ಉಳಿಯದಂತೆ ಒರೆಸಿದರು. ಬೋಲ್ಟುಗಳ ಹಲ್ಲಿಗೆ ಅಂಟು ಹಚ್ಚಿ, ಎದುರು ಬದುರು ಬಿಗಿದರು. ಚಕ್ರ ಕೂರಿಸಿ ಟಾರ್ಚ್ ಹಿಡಿದೆವು. ಬೆಳಕಿನ ಗೆರೆ ಇಡೀ ಸುತ್ತು ಒಂದೇ ದಪ್ಪ. ಗೇಜ್ ಎಲ್ಲ ಕಡೆ 0.8, ಒಂದು ಕಡೆ 0.9. ಗಾಡಿ ಹೊರಟು ಅಂಗಡಿಯ ಎದುರಿನ ಮೋರಿ ದಾಟುವಷ್ಟರಲ್ಲಿ ದೀಪ ಆರಿತು.

ದೀಪ ಆರಿದ್ದನ್ನು ನಂಬುವ ಕಾಲ ಕಳೆದಿತ್ತು. ಮರುದಿನ ಮದೆನಾಡಿನ ಅದೇ ತಿರುವಿಗೆ ಹೋದೆ. ಹದಿನೈದಕ್ಕೆ ಇಳಿಸಿ ಒತ್ತಿದೆ, ಹತ್ತಕ್ಕೆ ಇಳಿಸಿ ಒತ್ತಿದೆ. ಪೆಡಲ್ ತೆಪ್ಪಗಿತ್ತು. ಹಿಂತಿರುಗುವಾಗ ನಮ್ಮ ಗೇಟಿನ ಪಾಚಿಯ ಇಳಿಜಾರಿನಲ್ಲಿ, ನಾಯಿಯನ್ನು ಕಟ್ಟಿಹಾಕಿಸಿ, ಇಪ್ಪತ್ತರ ವೇಗದಲ್ಲಿ ಬೇಕೆಂದೇ ಪೆಡಲನ್ನು ಅದುಮಿದೆ. ಕಾಲಿನ ಕೆಳಗೆ ಟರ್ರ್ ಎಂದು ಒಂದೇ ಸಮನೆ ಮಿಡಿಯಿತು. ಹಳೆಯ ಒಂಟಿ ಕಪ್ಪೆಯ ಕುಪ್ಪಳಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ, ಹೊಲಿಗೆ ಯಂತ್ರದ ಪೆಡಲಿನಂತೆ ಸಣ್ಣಗೆ, ಬೇಗಬೇಗ. ಗಾಡಿ ಬಾಲ ಬೀಸದೆ ನೆಟ್ಟಗೆ ಇಳಿದು ನಿಂತಿತು. ಎಬಿಎಸ್ ನಿಜವಾಗಿ ಕೆಲಸ ಮಾಡುವುದು ಹೇಗಿರುತ್ತದೆ ಎಂದು ಈ ಗಾಡಿ ಕೊಂಡು ಮೂರು ವರ್ಷದ ಮೇಲೆ ಗೊತ್ತಾಯಿತು.

ಹಳೆಯ ರಿಂಗನ್ನು ಎಸೆಯಲು ಮನಸ್ಸಾಗದೆ ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಅಮ್ಮ ಅದನ್ನು ತೊಳೆದು ಸಿಂಬೆ ಮಾಡಿಕೊಂಡಿದ್ದಾಳೆ. ಆ ಸಂಜೆ ಸಾರಿನ ಪಾತ್ರೆಯನ್ನು ಅದರ ಮೇಲೆ ಇಟ್ಟಳು. ಪಾತ್ರೆ ಟಕ್ ಎಂದು ಒಂದು ಕಡೆಗೆ ವಾಲಿತು.

"ಇದು ಸೊಟ್ಟ ಇದೆಯಲ್ಲ" ಎಂದಳು ಅಮ್ಮ, ಅಡಿಗೆ ಮಡಿಸಿದ ಬಟ್ಟೆಯ ಚೂರೊಂದನ್ನು ಸಿಕ್ಕಿಸುತ್ತ.